ಒಂದು ಸಾಕುಪ್ರಾಣಿಯ ಸಾವು

ಕಳೆದ ಕಾಲಕ್ಕೆ ಮರಳಿ ಹೋಗಬೇಕೆಂಬ ಹಂಬಲ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಆಡಬಾರದ ಮಾತನ್ನು ಆಡದಂತೆ ತಡೆಯಲು, ಹಿಡಿಯಬೇಕಾಗಿದ್ದ ಕೈಯನ್ನು ಸಕಾಲದಲ್ಲಿ ಹಿಡಿಯಲು, ಅಗಲಿದವರ ಮುಖವನ್ನು ಮತ್ತೊಮ್ಮೆ ನೋಡಲು ಅವಕಾಶ ದೊರೆತರೆ ಯಾರು ತಾನೆ ಬೇಡವೆಂದಾರು? ಆದರೆ ಕಾಲ ನದಿಯ ಹಾಗೆ ಒಂದೇ ಮುಖವಾಗಿ ಹರಿಯುತ್ತದೆ. ಅದರ ಎದುರಿಗೆ ಈಜಿ ದಡ ಮುಟ್ಟಿದವರಿಲ್ಲ. ಬಾಳಿನಲ್ಲಿ ಸಾಧ್ಯವಾಗದುದನ್ನು ಕಥೆಯಲ್ಲಿ ಸಾಧಿಸಿಕೊಳ್ಳುವುದು ಮನುಷ್ಯಸ್ವಭಾವ. ಆದುದರಿಂದಲೇ, 1895ರಲ್ಲಿ ಎಚ್. ಜಿ. ವೆಲ್ಸ್ ತನ್ನ ‘ದಿ ಟೈಮ್ ಮೆಷಿನ್’ ಎಂಬ ಕಿರುಕಾದಂಬರಿಯಲ್ಲಿ ಕಾಲದಲ್ಲಿ ಸಂಚರಿಸುವ ಯಂತ್ರವೊಂದನ್ನು ಕಲ್ಪಿಸಿದ ಮೇಲೆ, ಅದನ್ನೇರಿ ಹೊರಟ ಕಥೆಗಾರರಿಗೆ ಲೆಕ್ಕವಿಲ್ಲದಂತಾಯಿತು.

ಇಂಥ ಕಥೆಗಳಲ್ಲಿ ಬಹುಪಾಲಿನವು ಸಾಮ್ರಾಜ್ಯಗಳ ಅಳಿವು ಉಳಿವುಗಳನ್ನು, ಮಹಾಯುದ್ಧಗಳ ಸೋಲು ಗೆಲವುಗಳನ್ನು ಪಣವಾಗಿ ಒಡ್ಡುತ್ತವೆ. ಪಣ ದೊಡ್ಡದಾದಷ್ಟೂ ಕುತೂಹಲ ಹೆಚ್ಚೆಂಬುದು ಕಥೆಗಾರರ ನಂಬಿಕೆ. ಈ ವಾಡಿಕೆಗೆ ಹೊರತಾದ ಒಂದು ಕಥೆಯನ್ನು ಇಲ್ಲಿ ವಾಚಕರ ಮುಂದಿಡಬೇಕೆಂದು ನನ್ನ ಆಸೆ. ಇದರಲ್ಲಿ ಪಣವಾಗಿರುವುದು ಏಳು ವರ್ಷದ ಒಬ್ಬ ಹುಡುಗ, ಅವನ ತಾಯಿ, ಮತ್ತು ದಾಡೆ ಮುರಿದ ಒಂದು ಮುದಿ ಸಾಕುಪ್ರಾಣಿ. ಕಥೆ ಹುಟ್ಟಿದ್ದು ಪುಸ್ತಕದಲ್ಲಲ್ಲ; ಅಮೆರಿಕದ ಮಕ್ಕಳು ಶನಿವಾರದ ಬೆಳಗ್ಗೆ ಟೆಲಿವಿಷನ್ನಿನ ಮುಂದೆ ಕುಳಿತು ನೋಡಲೆಂದು ತಯಾರಾದ ಕಾರ್ಟೂನ್ ಸರಣಿಯೊಂದರ ಒಂದು ಕಂತಿನಲ್ಲಿ. ಸರಣಿಯ ಹೆಸರು ‘ಸ್ಟಾರ್ ಟ್ರೆಕ್’. ಕಂತಿನ ಹೆಸರು ‘ಯೆಸ್ಟರ್‌ಇಯರ್’. ‘ಹೋದ ಕಾಲ’ ಎಂದು ನಾವು ಕನ್ನಡದಲ್ಲಿ ಕರೆಯಬಹುದು. 1973ರ ಸೆಪ್ಟೆಂಬರ್ 15ರಂದು ಮೊದಲು ಪ್ರಸಾರವಾದ ಈ ಕಿರುಚಿತ್ರಕ್ಕೆ ಈಗ ಅರ್ಧ ಶತಮಾನ ಸಂದಿದೆ. ಅರ್ಧ ಗಂಟೆಯೂ ತುಂಬದ ಅದನ್ನು ಈಚೆಗೆ ಮತ್ತೆ ನೋಡಿದಾಗ, ಗತಕಾಲಕ್ಕೆ ಮರಳುವುದೆಂದರೇನು ಎಂಬ ಪ್ರಶ್ನೆಗೆ ಇಷ್ಟು ಮಿತವಾದ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರ ಕೊಟ್ಟ ಕೃತಿಗಳು ವಿರಳವೆಂದು ನನಗೆ ತೋರಿತು.

ಕಾರ್ಟೂನೆಂಬ ತಾತ್ಸಾರ

ಕಾರ್ಟೂನೆಂದೊಡನೆ ನಮ್ಮ ವಿದ್ಯಾವಂತರಲ್ಲಿ ಅನೇಕರು ಮೂಗು ಮುರಿಯುವುದುಂಟು. ಅದು ಮಕ್ಕಳ ಕಾಲಹರಣದ ವಸ್ತು, ಸಾಹಿತ್ಯದ ವಿದ್ಯಾರ್ಥಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬುದು ಅವರ ಅಭಿಪ್ರಾಯ. ಪಂಚತಂತ್ರದ ಕಥೆಗಳನ್ನು ಮಂದಬುದ್ಧಿಯ ರಾಜಕುಮಾರರಿಗಾಗಿ ಹೇಳಿದುದೆಂದು ಪ್ರತೀತಿಯಿದೆ. ಹಾಗೆಂದು ದೊಡ್ಡವರು ಅವನ್ನು ಓದುವುದನ್ನು ಬಿಟ್ಟರೆ? ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅವನ್ನು ಚಂಪೂಕಾವ್ಯವನ್ನಾಗಿ ಮಾಡಿಯೇ ಕನ್ನಡಕ್ಕೆ ತಂದ. ಕೇಳುವವರು ಮಕ್ಕಳೆಂಬ ಕಾರಣಕ್ಕೆ ಕಥೆ ಹಗುರಾಗಬೇಕೆಂಬ ನಿಯಮವಿಲ್ಲ. ಹಗುರಾಗುವುದು ಹೇಳುವವರು ಮಕ್ಕಳನ್ನು ಹಗುರವಾಗಿ ಕಂಡಾಗ.

ಜೀನ್ ರಾಡನ್‌ಬೆರಿ ಸೃಷ್ಟಿಸಿದ ‘ಸ್ಟಾರ್ ಟ್ರೆಕ್’ ಮೊದಲು ನಟನಟಿಯರು ಅಭಿನಯಿಸಿದ ಟೆಲಿವಿಷನ್ ನಾಟಕಮಾಲೆಯಾಗಿತ್ತು. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ಪ್ರಸಾರಜಾಲದಲ್ಲಿ ಅದರ 79 ಕಂತುಗಳು ಬಂದುವು. ಎಂಟರ್‌ಪ್ರೈಸ್ ಎಂಬ ಗಗನನೌಕೆ, ಅದರ ನಾಯಕ ಕರ್ಕ್, ಅವನ ಸಹಾಯಕ ಸ್ಪಾಕ್, ವೈದ್ಯ ಮೆಕಾಯ್ ಇವರು ನಕ್ಷತ್ರಲೋಕಗಳಲ್ಲಿ ನಡೆಸುವ ಸಾಹಸಗಳೇ ಅದರ ವಸ್ತು. ಪ್ರಸಾರ ನಿಂತ ಮೇಲೆ, ಮರುಪ್ರದರ್ಶನಗಳಿಂದ ಅದರ ಜನಪ್ರಿಯತೆ ಮೊದಲಿಗಿಂತ ಹೆಚ್ಚಿತು. ಈ ಪ್ರೀತಿಯನ್ನು ಕಂಡು, ಫಿಲ್ಮೇಷನ್ ಎಂಬ ಸಂಸ್ಥೆ ಅದೇ ಪಾತ್ರಗಳನ್ನಿಟ್ಟುಕೊಂಡು 1973 ಮತ್ತು 1974ರಲ್ಲಿ 22 ಕಂತುಗಳ ಕಾರ್ಟೂನ್ ಸರಣಿಯನ್ನು ತಯಾರಿಸಿತು. ಮೊದಲಿನ ನಟರಲ್ಲಿ ಬಹುಮಂದಿ ತಮ್ಮ ತಮ್ಮ ಪಾತ್ರಗಳಿಗೆ ತಾವೇ ಧ್ವನಿ ಕೊಟ್ಟರು. ಸ್ಪಾಕನ ಧ್ವನಿ ಲೆನರ್ಡ್ ನಿಮಾಯ್ ಅವರದು. 1975ರಲ್ಲಿ ಈ ಸರಣಿಗೆ ಮಕ್ಕಳ ಕಾರ್ಯಕ್ರಮಗಳ ವಿಭಾಗದಲ್ಲಿ ಡೇಟೈಮ್ ಎಮ್ಮಿ ಪ್ರಶಸ್ತಿ ಬಂದಿತು.

ಚಿತ್ರಕಲೆಯ ದೃಷ್ಟಿಯಿಂದ ಇದು ದೊಡ್ಡ ಕೃತಿಯೆಂದು ಹೇಳುವಂತಿಲ್ಲ. ಹಣ ಕಡಮೆ, ಸಮಯವೂ ಕಡಮೆ. ಒಮ್ಮೆ ಬರೆದ ಚಿತ್ರವನ್ನೇ ಹತ್ತು ಕಡೆ ಬಳಸಿಕೊಂಡು ಕೆಲಸ ಸಾಗಿಸುವುದು ಫಿಲ್ಮೇಷನ್ನಿನ ಪದ್ಧತಿ. ಪಾತ್ರಗಳು ಗೊಂಬೆಗಳಂತೆ ನಿಂತಿರುತ್ತವೆ. ತುಟಿಯೊಂದು ಆಡುತ್ತದೆ, ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುತ್ತದೆ. ಓಡುವವನ ಓಟದಲ್ಲಿಯೂ ಒಂದು ಬಿಗುವು. ಆದರೆ ‘ಯೆಸ್ಟರ್‌ಇಯರ್’ ಕಂತಿನಲ್ಲಿ ಈ ಬಡತನವೇ ಒಂದು ಗುಣವಾಗಿ ಪರಿಣಮಿಸಿತೆನ್ನಬೇಕು. ಇದರ ಬಹುಭಾಗ ನಡೆಯುವುದು ವಲ್ಕನ್ ಎಂಬ ಲೋಕದಲ್ಲಿ. ಅಲ್ಲಿಯ ಜನ ಭಾವವನ್ನು ಹತ್ತಿಕ್ಕಿ, ವಿವೇಕವೊಂದನ್ನೇ ದಾರಿದೀಪವೆಂದು ನಂಬಿದವರು. ಹರ್ಷವಾಗಲಿ ಶೋಕವಾಗಲಿ ಮುಖದಲ್ಲಿ ಮೂಡಬಾರದೆಂಬುದು ಅವರ ಶಿಷ್ಟಾಚಾರ. ಅಂಥವರ ಕಥೆಗೆ ಅಲುಗಾಡದ ಮುಖಗಳು ಒಪ್ಪುತ್ತವೆ. ಮುಖ ಹೇಳದುದನ್ನು ಧ್ವನಿ ಹೇಳುತ್ತದೆ. ಧ್ವನಿ ಹೇಳದುದನ್ನು ನೋಡುವವನು ತಾನೇ ತುಂಬಿಕೊಳ್ಳುತ್ತಾನೆ.

ಈ ಕಂತನ್ನು ಬರೆದವರು ಡೊರೊತಿ ಫಾಂಟಾನಾ (1939–2019). ರಾಡನ್‌ಬೆರಿಯವರ ಕಾರ್ಯದರ್ಶಿಯಾಗಿದ್ದು, ಮುಂದೆ ನಾಟಕಮಾಲೆಯ ಕಥಾಸಂಪಾದಕಿಯ ಸ್ಥಾನಕ್ಕೇರಿದ ಮಹಿಳೆ ಇವರು. ಹೆಸರಿನಿಂದ ಹೆಂಗಸೆಂದು ತಿಳಿಯದಂತೆ ‘ಡಿ. ಸಿ. ಫಾಂಟಾನಾ’ ಎಂದು ಸಹಿ ಮಾಡುತ್ತಿದ್ದರು. ಸ್ಪಾಕನ ತಂದೆತಾಯಿಗಳನ್ನು ‘ಜರ್ನಿ ಟು ಬೇಬಲ್’ ಎಂಬ 1967ರ ಕಂತಿನಲ್ಲಿ ಮೊದಲು ರಂಗಕ್ಕೆ ತಂದವರೂ ಇವರೇ. ಆ ಕಂತಿನಲ್ಲಿ, ಸ್ಪಾಕನಿಗೆ ಬಾಲ್ಯದಲ್ಲಿ ಒಂದು ಸಾಕುಪ್ರಾಣಿಯಿತ್ತೆಂದೂ ಅದಕ್ಕೆ ಆರಂಗುಲದ ಕೋರೆಹಲ್ಲುಗಳಿದ್ದುವೆಂದೂ ತಮಾಷೆಯ ಒಂದು ಮಾತು ಬರುತ್ತದೆ. ಆರು ವರ್ಷಗಳ ಮೇಲೆ ಆ ಒಂದು ಮಾತಿನಿಂದ ಫಾಂಟಾನಾ ಒಂದು ಕಥೆಯನ್ನು ಹೊರತೆಗೆದರು.

ತನ್ನನ್ನೇ ಉಳಿಸಲು ಹೊರಟವನು

ಕಥೆಯ ಹಂದರ ಹೀಗಿದೆ. ಯಾವುದೋ ಒಂದು ನಿರ್ಜನ ಗ್ರಹದಲ್ಲಿ ಕಲ್ಲಿನ ಒಂದು ಮಹಾದ್ವಾರ. ಅದು ಮಾತನಾಡುತ್ತದೆ, ಕೇಳಿದವರಿಗೆ ಯಾವ ಲೋಕದ ಯಾವ ಕಾಲವನ್ನಾದರೂ ತೋರಿಸುತ್ತದೆ, ಬೇಕಾದರೆ ಒಳಕ್ಕೆ ಬಿಡುತ್ತದೆ. ಅದರ ಮೂಲಕ ಕರ್ಕನೂ ಸ್ಪಾಕನೂ ಓರಿಯನ್ ಎಂಬ ನಾಗರಿಕತೆಯ ಆದಿಕಾಲವನ್ನು ನೋಡಿ ಹಿಂದಿರುಗುತ್ತಾರೆ. ಬಂದು ನೋಡಿದರೆ ಸ್ಪಾಕನನ್ನು ಯಾರೂ ಗುರುತಿಸಲೊಲ್ಲರು. ಇಷ್ಟು ವರ್ಷ ಜೊತೆಗಿದ್ದ ಮೆಕಾಯ್ ಕೂಡ ಇವನಾರೆಂದು ಕೇಳುತ್ತಾನೆ. ನೌಕೆಯಲ್ಲಿ ಸ್ಪಾಕನ ಸ್ಥಾನದಲ್ಲಿ ಥೆಲಿನ್ ಎಂಬ ಮತ್ತೊಬ್ಬನಿದ್ದಾನೆ; ಅವನು ಆಂಡೋರಿಯನ್ ಎಂಬ ಯೋಧಜನಾಂಗದವನು.

ದಾಖಲೆಗಳನ್ನು ತೆಗೆದು ನೋಡಿದಾಗ ಗುಟ್ಟು ತಿಳಿಯುತ್ತದೆ. ವಲ್ಕನ್ನಿನ ರಾಯಭಾರಿ ಸಾರೆಕ್ ಮತ್ತು ಅವನ ಮಾನವಪತ್ನಿ ಅಮಾಂಡಾ ಇವರಿಗೆ ಒಬ್ಬ ಮಗನಿದ್ದ. ಅವನ ಹೆಸರು ಸ್ಪಾಕ್. ಏಳನೆಯ ವಯಸ್ಸಿನಲ್ಲಿ ಮರುಭೂಮಿಯಲ್ಲಿ ಸತ್ತ. ಮಗ ಸತ್ತ ಮೇಲೆ ದಂಪತಿಗಳು ಅಗಲಿದರು; ತವರಾದ ಭೂಮಿಗೆ ಹೊರಟ ಅಮಾಂಡಾ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡಳು. ತನ್ನ ಸಾವಿನ ವರದಿಯನ್ನು ತಾನೇ ನಿಂತು ಕೇಳುವ ಈ ಸನ್ನಿವೇಶದಲ್ಲಿ ಸ್ಪಾಕನ ದನಿ ಏರುವುದಿಲ್ಲ. ತಾಯಿಯ ಸಾವಿನ ಸುದ್ದಿ ಬಂದಾಗಲೂ ಅವನು ಹೆಚ್ಚು ಮಾತನಾಡುವುದಿಲ್ಲ.

ಹೀಗಾಗಲು ಕಾರಣವೇನು? ಬಾಲ್ಯದಲ್ಲಿ ಕಾಡುಮೃಗದ ಬಾಯಿಂದ ತನ್ನನ್ನು ಪಾರುಮಾಡಿದವನು ಸೆಲೆಕ್ ಎಂಬ ದೂರದ ನೆಂಟನೆಂದು ಸ್ಪಾಕನಿಗೆ ನೆನಪು. ಆ ನೆಂಟನ ಮುಖ ಈಗಿನ ತನ್ನ ಮುಖದಂತೆಯೇ ಇತ್ತು. ಅಂದು ಬಂದಿದ್ದವನು ಬೇರೆ ಯಾರೂ ಅಲ್ಲ. ದೊಡ್ಡವನಾದ ಮೇಲೆ ಕಾಲದ್ವಾರದ ಮೂಲಕ ಹಿಂದಕ್ಕೆ ಹೋದ ತಾನೇ! ಆದರೆ ಸ್ಪಾಕ್ ಓರಿಯನ್ನಿನ ಪ್ರಾಚೀನಕಾಲದಲ್ಲಿದ್ದ ಹೊತ್ತಿನಲ್ಲಿಯೇ, ದ್ವಾರದ ಬಳಿಯಿದ್ದ ಇತಿಹಾಸಕಾರರು ವಲ್ಕನ್ನಿನ ಆ ವರ್ಷಗಳನ್ನು ತಿರುವಿ ನೋಡಿದರು. ಒಬ್ಬನು ಏಕಕಾಲದಲ್ಲಿ ಎರಡು ಕಾಲಗಳಲ್ಲಿರಲಾರನು. ಕಾಪಾಡುವವನು ಬರಲಿಲ್ಲ, ಹುಡುಗ ಸತ್ತ. ಇನ್ನು ಉಳಿದಿರುವ ದಾರಿ ಒಂದೇ: ಸ್ಪಾಕ್ ವಲ್ಕನ್ನಿಗೆ, ಮೂವತ್ತು ವರ್ಷಗಳ ಹಿಂದಕ್ಕೆ ಹೋಗಿ, ಸೆಲೆಕನಾಗಿ, ತನ್ನನ್ನು ತಾನೇ ಉಳಿಸಿಕೊಳ್ಳಬೇಕು.

ಅವನು ಷಿಕಾರ್ ಎಂಬ ತನ್ನ ಊರಿಗೆ ಬರುತ್ತಾನೆ. ಮೊದಲು ಕಾಣುವ ದೃಶ್ಯವೇ ಹೃದಯವನ್ನು ಹಿಂಡುವಂಥದು. ಓರಗೆಯ ಹುಡುಗರು ಏಳು ವರ್ಷದ ಸ್ಪಾಕನನ್ನು ಸುತ್ತುವರಿದು, ಅವನ ತಾಯಿ ಅನ್ಯಲೋಕದವಳೆಂದು, ಅವನು ಅರೆ ವಲ್ಕನ್ನನೆಂದು ಹಂಗಿಸುತ್ತಿದ್ದಾರೆ. ಹುಡುಗ ಸಿಟ್ಟಿನಿಂದ ಮೇಲೆ ಬೀಳಹೋಗಿ ತಾನೇ ಮುಗ್ಗರಿಸುತ್ತಾನೆ. ಬೇಲಿಯ ಈಚೆ ನಿಂತ ದೊಡ್ಡ ಸ್ಪಾಕ್ ನೋಡುತ್ತಾನೆ, ಅಷ್ಟೆ. ತಂದೆ ಸಾರೆಕ್ ಅತಿಥಿಯನ್ನು ಬರಮಾಡಿಕೊಳ್ಳುತ್ತಾನೆ. ಮಗನಿಗೆ ಮಾತ್ರ ಬುದ್ಧಿ ಹೇಳುತ್ತಾನೆ. ‘ಕಾಸ್-ವಾನ್’ ಎಂಬ ಪರೀಕ್ಷೆಯ ಕಾಲ ಹತ್ತಿರ ಬಂದಿದೆ. ಅನ್ನ, ನೀರು, ಆಯುಧ ಒಂದೂ ಇಲ್ಲದೆ ಹತ್ತು ದಿನ ಮರುಭೂಮಿಯಲ್ಲಿ ಬದುಕಿ ಬರಬೇಕು. ಅದು ಯೋಧರ ಕಾಲದಿಂದ ಬಂದ ಆಚಾರ. ಸೋಲುವೆನೆಂಬ ಭಯದಿಂದ ಹುಡುಗ, ತನ್ನನ್ನು ತಾನೇ ಮೊದಲು ಪರೀಕ್ಷಿಸಿಕೊಳ್ಳಲೆಂದು, ರಾತ್ರಿ ಯಾರಿಗೂ ಹೇಳದೆ ಒಬ್ಬನೇ ಬೆಟ್ಟಗಳ ಕಡೆಗೆ ಹೊರಡುತ್ತಾನೆ. ಹಿಂದೆಯೇ ಹೊರಡುತ್ತದೆ ಐ-ಚಾಯಾ. ಅದು ಸೆಹ್ಲಾಟ್ ಎಂಬ, ಕರಡಿಯನ್ನು ಹೋಲುವ ದೊಡ್ಡ ಪ್ರಾಣಿ. ಹಿಂದೆ ತಂದೆಯದಾಗಿದ್ದು ಈಗ ಮಗನದಾಗಿದೆ. ಮೈ ಬೆಳೆದಿದೆ, ವಯಸ್ಸಾಗಿದೆ, ಒಂದು ದಾಡೆ ಮುರಿದಿದೆ. ಹಿಂದಿರುಗೆಂದು ಹುಡುಗ ಎಷ್ಟು ಗದರಿಸಿದರೂ ಅದು ಹಿಂದಿರುಗುವುದಿಲ್ಲ.

ಬೆಟ್ಟದ ಬುಡದಲ್ಲಿ ಲೆ-ಮಾತ್ಯಾ ಎಂಬ ಕ್ರೂರಮೃಗ ಹುಡುಗನ ಮೇಲೆ ಎರಗುತ್ತದೆ. ಐ-ಚಾಯಾ ಅಡ್ಡ ಬಂದು ಹೋರಾಡುತ್ತದೆ. ಸೆಲೆಕನ ವೇಷದ ಸ್ಪಾಕ್ ಸಮಯಕ್ಕೆ ಬಂದು ಮೃಗವನ್ನು ಕೆಡವುತ್ತಾನೆ, ಹುಡುಗ ಉಳಿಯುತ್ತಾನೆ. ಆದರೆ ಮೃಗದ ಉಗುರಿನ ವಿಷ ಐ-ಚಾಯಾದ ಮೈಗೆ ಏರಿದೆ. ಸ್ಪಾಕನ ನೆನಪಿನಲ್ಲಿ ಹೀಗಾಗಿರಲಿಲ್ಲ. ಅವನ ನೆನಪಿನ ಐ-ಚಾಯಾ ಆ ರಾತ್ರಿ ಸಾಯಲಿಲ್ಲ. ಹುಡುಗ ವೈದ್ಯನನ್ನು ಕರೆತರಲು ಕತ್ತಲಲ್ಲಿ ಒಬ್ಬನೇ ಮರುಭೂಮಿಯನ್ನು ದಾಟುತ್ತಾನೆ. ವೈದ್ಯ ಬಂದು, ಕಾಲ ಮೀರಿದೆಯೆಂದು ಹೇಳುತ್ತಾನೆ: ನೋವಿನಲ್ಲಿಯೇ ಇನ್ನಷ್ಟು ದಿನ ಉಸಿರನ್ನು ಹಿಡಿದಿಡಬಹುದು, ಇಲ್ಲವೆ ನೋವಿಲ್ಲದೆ ಬಿಡುಗಡೆ ಕೊಡಬಹುದು, ತೀರ್ಮಾನ ಒಡೆಯನದು. ಒಡೆಯನಿಗೆ ಏಳು ವರ್ಷ. ಅವನು ಬಿಡುಗಡೆಯನ್ನು ಆರಿಸುತ್ತಾನೆ.

ದೊಡ್ಡ ಇತಿಹಾಸ, ಸಣ್ಣ ಇತಿಹಾಸ

ಇದೇ ಕಲ್ಲಿನ ದ್ವಾರ ‘ಸ್ಟಾರ್ ಟ್ರೆಕ್’ ನಾಟಕಮಾಲೆಯಲ್ಲಿ ಹಿಂದೆ ಒಮ್ಮೆ ಕಾಣಿಸಿಕೊಂಡಿತ್ತು. ಹಾರ್ಲನ್ ಎಲಿಸನ್ ಬರೆದು 1967ರಲ್ಲಿ ಪ್ರಸಾರವಾದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಆ ಕಂತು ಇಡೀ ಮಾಲೆಯಲ್ಲಿಯೇ ಶ್ರೇಷ್ಠವೆಂದು ಅನೇಕರು ಮೆಚ್ಚಿದುದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ‘ಯೆಸ್ಟರ್‌ಇಯರ್’ ಕಥೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ.

ಎಲಿಸನ್ನರ ಕಥೆಯಲ್ಲಿ ಪಣ ಮಹತ್ತರವಾದುದು. 1930ರ ನ್ಯೂಯಾರ್ಕಿನಲ್ಲಿ ಬಡವರಿಗೆ ಅನ್ನವಿಕ್ಕುವ ಈಡಿತ್ ಕೀಲರ್ ಎಂಬ ಸಾಧ್ವಿ ಅಪಘಾತದಲ್ಲಿ ಸಾಯಬೇಕಾಗಿತ್ತು. ಅವಳನ್ನು ಉಳಿಸಿದರೆ ಅವಳ ಶಾಂತಿಚಳವಳಿಯಿಂದ ಅಮೆರಿಕ ಯುದ್ಧಕ್ಕಿಳಿಯುವುದು ತಡವಾಗಿ ಹಿಟ್ಲರ್ ಗೆಲ್ಲುತ್ತಾನೆ. ಮುಂದಿನ ಇತಿಹಾಸವೆಲ್ಲ ಅಳಿಸಿಹೋಗುತ್ತದೆ. ಆಕಾಶದಲ್ಲಿದ್ದ ಎಂಟರ್‌ಪ್ರೈಸ್ ನೌಕೆ ಕೂಡ ಇಲ್ಲವಾಗುತ್ತದೆ. ಅವಳನ್ನು ಪ್ರೀತಿಸಿದ ಕರ್ಕ್ ಅವಳು ಸಾಯುವುದನ್ನು ಕೈಕಟ್ಟಿ ನೋಡಬೇಕಾಗುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಒಬ್ಬ ಹೆಂಗಸು, ಇನ್ನೊಂದರಲ್ಲಿ ಜಗತ್ತು. ದುಃಖ ದೊಡ್ಡದು, ಆದರೆ ತೂಕದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಫಾಂಟಾನಾ ಅವರ ಕಥೆಯಲ್ಲಿ ಹೀಗಿಲ್ಲ. ಸ್ಪಾಕನಿಲ್ಲದ ಜಗತ್ತಿಗೆ ಯಾವ ಕೇಡೂ ಬಂದಿಲ್ಲ! ನೌಕೆ ಎಂದಿನಂತೆ ಸಂಚರಿಸುತ್ತಿದೆ. ಯುದ್ಧಗಳಲ್ಲಿ ಸೋಲಾಗಿಲ್ಲ. ಕರ್ಕ್ ನಾಯಕನೇ, ಮೆಕಾಯ್ ವೈದ್ಯನೇ. ಸ್ಪಾಕನ ಜಾಗದಲ್ಲಿರುವ ಥೆಲಿನ್ ಸಮರ್ಥ, ಸಜ್ಜನ. ರಾಜ್ಯದ ಲೆಕ್ಕದಿಂದ ನೋಡಿದರೆ ಸರಿಪಡಿಸಬೇಕಾದ ತಪ್ಪೇನೂ ಅಲ್ಲಿಲ್ಲ. ಇಲ್ಲದಿರುವುದು ಒಬ್ಬ ಹುಡುಗ ಮತ್ತು ಮಗನನ್ನು ಕಳೆದುಕೊಂಡು ಮನೆ ಬಿಟ್ಟ ಒಬ್ಬ ತಾಯಿ, ಇಷ್ಟೇ. ಆದರೂ ಹಿಂದಕ್ಕೆ ಹೋಗಲೇಬೇಕೆಂಬುದರಲ್ಲಿ ಕಥೆಯೊಳಗೆ ಯಾರಿಗೂ ಅನುಮಾನವಿಲ್ಲ. ನೋಡುವ ನಮಗೂ ಇಲ್ಲ.

ಇಲ್ಲಿ ಥೆಲಿನ್ ಆಡುವ ಮಾತು ಗಮನಾರ್ಹವಾದುದು. ಸ್ಪಾಕ್ ಯಶಸ್ವಿಯಾದರೆ ಥೆಲಿನ್ನನ ಈ ಬಾಳು, ಈ ಪದವಿ, ಈ ಗೆಳೆತನ ಯಾವುವೂ ಉಳಿಯವು. ಅಡ್ಡಿ ಮಾಡಲು ಅವನಿಗೆ ಕಾರಣವಿತ್ತು. ಆದರೆ ಯೋಧಜನಾಂಗದವರಾದ ತಮ್ಮಲ್ಲಿ ಕನಿಕರ ಕಡಮೆಯೆಂದೂ, ಕುಟುಂಬದ ವಿಷಯದಲ್ಲಿ ಮಾತ್ರ ಅದು ಇದೆಯೆಂದೂ ಅವನು ಹೇಳುತ್ತಾನೆ. ಸ್ಪಾಕ್ ತನ್ನ ಕಾಲದಲ್ಲಿ ಬದುಕಿರುತ್ತಾನೆ, ಅವನ ತಾಯಿಯೂ ಬದುಕಿರುತ್ತಾಳೆ. ಅವನಿಗೆ ಅಷ್ಟು ಸಾಕು. ಪರಸ್ಪರ ಶುಭ ಹಾರೈಸಿ ಇಬ್ಬರೂ ಬೀಳ್ಕೊಳ್ಳುತ್ತಾರೆ. ತನ್ನ ಜಾಗವನ್ನು ಬಿಟ್ಟುಕೊಡುವವನ ಈ ಔದಾರ್ಯವನ್ನು ಕಥೆ ಎರಡು ಮಾತುಗಳಲ್ಲಿ ಮುಗಿಸಿ ಮುಂದೆ ಸಾಗುತ್ತದೆ. ಹೆಚ್ಚು ಹೇಳಿದ್ದರೆ ಅದು ಕೃತಕವಾಗುತ್ತಿತ್ತು.

ಮಕ್ಕಳಿಗೆ ಸಾವನ್ನು ಹೇಳಬಹುದೆ?

ಮಕ್ಕಳ ಕಾರ್ಯಕ್ರಮದಲ್ಲಿ ಸಾಕುಪ್ರಾಣಿಯೊಂದು ಸಾಯುವುದನ್ನು ತೋರಿಸಲು ಪ್ರಸಾರಜಾಲದವರಿಗೆ ಅಳುಕಿತ್ತು. ಅಳುಕಿಗೆ ಅರ್ಥವಿಲ್ಲದೆ ಇಲ್ಲ. ಶನಿವಾರದ ಬೆಳಗಿನ ಕಾರ್ಟೂನುಗಳಲ್ಲಿ ಬಂಡೆ ತಲೆಯ ಮೇಲೆ ಬಿದ್ದರೂ ಪಾತ್ರಗಳು ಮೈ ಕೊಡವಿಕೊಂಡು ಎದ್ದು ಓಡುತ್ತವೆ. ಅಲ್ಲಿ ಸಾವೆಂಬುದೇ ಇಲ್ಲ. ಫಾಂಟಾನಾ ಪಟ್ಟು ಬಿಡಲಿಲ್ಲ. ರಾಡನ್‌ಬೆರಿ ಅವರ ಬೆಂಬಲಕ್ಕೆ ನಿಂತರು. ಕಥೆ ಬರೆದಂತೆಯೇ ಉಳಿಯಿತು.

ಹಾಗೆ ಉಳಿದುದು ಸರಿಯಾಯಿತೆಂದು ನನ್ನ ಅಭಿಪ್ರಾಯ. ಮಗುವಿಗೆ ಸಾವಿನ ಮೊದಲ ಪರಿಚಯವಾಗುವುದು ಬಹುಮಟ್ಟಿಗೆ ಮನೆಯ ನಾಯಿಯಿಂದಲೋ ಬೆಕ್ಕಿನಿಂದಲೋ ಹಟ್ಟಿಯ ಕರುವಿನಿಂದಲೋ. ದೊಡ್ಡವರು ಅದನ್ನು ಮರೆಮಾಡಲು ನೋಡುತ್ತಾರೆ. ಎಲ್ಲಿಗೋ ಹೋಗಿದೆ, ಬರುತ್ತದೆ ಎನ್ನುತ್ತಾರೆ. ಮಗು ಸುಮ್ಮನಾಗುತ್ತದೆ, ನಂಬಿತೆಂದು ನಾವು ತಿಳಿಯುತ್ತೇವೆ. ಈ ಕಥೆ ಮರೆಮಾಡುವುದಿಲ್ಲ. ಹಾಗೆಂದು ಹೆದರಿಸುವುದೂ ಇಲ್ಲ. ದೊಡ್ಡ ಸ್ಪಾಕ್ ಚಿಕ್ಕವನಿಗೆ ಹೇಳುವ ಮಾತಿನ ಸಾರಾಂಶ ಇದು: ಪ್ರತಿಯೊಂದು ಜೀವಕ್ಕೂ ಕೊನೆಯಿದೆ, ವ್ಯರ್ಥವಾಗಿ ಕಳೆದ ಬಾಳಿಗಾಗಿ ಮರುಗಬೇಕೇ ಹೊರತು ಸಾರ್ಥಕವಾಗಿ ಬಾಳಿದುದಕ್ಕಾಗಿ ಅಲ್ಲ, ಐ-ಚಾಯಾದ ಬಾಳು ವ್ಯರ್ಥವಾಗಲಿಲ್ಲ. ಮಾತು ಸ್ಟೋಯಿಕರದೆನ್ನಿ, ವೇದಾಂತಿಗಳದೆನ್ನಿ. ಅದಕ್ಕೆ ಬೆಲೆ ಬಂದಿರುವುದು ಅದನ್ನು ಆಡುತ್ತಿರುವವನು ಯಾರೆಂಬುದರಿಂದ. ಸತ್ತಿರುವುದು ಅವನದೇ ಪ್ರಾಣಿ. ಅವನು ಹುಡುಗನಿಗೆ ಸಮಾಧಾನ ಹೇಳುತ್ತಿದ್ದಾನೋ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೋ ಬೇರ್ಪಡಿಸಿ ಹೇಳುವುದು ಕಷ್ಟ.

ಹುಡುಗನ ತೀರ್ಮಾನವನ್ನೂ ಕಥೆ ಸುಲಭ ಮಾಡುವುದಿಲ್ಲ. ಪ್ರೀತಿಸುವ ಜೀವವನ್ನು ಇನ್ನಷ್ಟು ದಿನ ಬಳಿಯಲ್ಲಿಟ್ಟುಕೊಳ್ಳುವುದು ತನಗಾಗಿಯೋ ಅದಕ್ಕಾಗಿಯೋ ಎಂಬ ಪ್ರಶ್ನೆ ಇಂದು ಆಸ್ಪತ್ರೆಗಳ ಪಡಸಾಲೆಯಲ್ಲಿ ನಿಂತ ಹಿರಿಯರನ್ನೂ ಕಾಡುವ ಪ್ರಶ್ನೆ. ನೋವಿಲ್ಲದ ಮರಣ ಕೊಡುವುದು ಸರಿಯೆ ಎಂಬ ವಿಷಯದಲ್ಲಿ ಸಹೃದಯರಲ್ಲಿ ಭಿನ್ನಾಭಿಪ್ರಾಯವಿರುವುದು ಸಹಜ. ಕಥೆ ವಾದಕ್ಕಿಳಿಯುವುದಿಲ್ಲ, ಹುಡುಗನೊಬ್ಬ ತನ್ನ ದುಃಖವನ್ನು ಬದಿಗಿಟ್ಟು ಮತ್ತೊಂದು ಜೀವದ ನೋವನ್ನು ಮುಂದಿಟ್ಟುಕೊಂಡು ಯೋಚಿಸಿದನೆಂಬುದನ್ನು ತೋರಿಸುತ್ತದೆ. ಅಂದು ಅವನು ಕಾಸ್-ವಾನ್ ಪರೀಕ್ಷೆಗೆ ಕುಳಿತಿರಲಿಲ್ಲ. ಆದರೆ ಅದಕ್ಕಿಂತ ಕಠಿಣವಾದುದರಲ್ಲಿ ಗೆದ್ದಿದ್ದ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬರಲೊಪ್ಪದ ಧರ್ಮರಾಯನ ಕಥೆಯನ್ನು ಕೇಳಿ ಬೆಳೆದ ನಮಗೆ, ಮೂಕಪ್ರಾಣಿಯ ಎದುರಿನಲ್ಲಿ ಮನುಷ್ಯನ ಧರ್ಮಪರೀಕ್ಷೆ ನಡೆಯುವುದು ಅಪರಿಚಿತವೇನೂ ಅಲ್ಲ.

ತಂದೆ ಮತ್ತು ಅತಿಥಿ

ಗತಕಾಲಕ್ಕೆ ಹೋದ ಸ್ಪಾಕ್ ಏನನ್ನು ಮಾಡಿದ ಎಂಬುದಕ್ಕಿಂತ ಏನನ್ನು ಮಾಡಲಿಲ್ಲ ಎಂಬುದನ್ನು ವಿಚಾರಿಸುವುದು ಉಪಯುಕ್ತ. ಹುಡುಗನ ಅಪಮಾನವನ್ನು ಕಣ್ಣಾರೆ ಕಂಡರೂ ಬೇಲಿ ದಾಟಿ ಹೋಗಿ ಆ ಹುಡುಗರನ್ನು ಅಟ್ಟಲಿಲ್ಲ. ನೀನು ಮುಂದೆ ದೊಡ್ಡವನಾಗುತ್ತೀಯೆ, ನೌಕೆಯಲ್ಲಿ ನಿನಗೆ ಗೌರವ ದೊರೆಯುತ್ತದೆ ಎಂದು ಭರವಸೆ ಕೊಡಲಿಲ್ಲ. ವೈದ್ಯನನ್ನು ಕರೆಯಲು ಹುಡುಗನೇ ಹೋಗುವೆನೆಂದಾಗ ತಡೆಯಲಿಲ್ಲ. ಮೃಗದ ಬಾಯಿಂದ ಬಿಡಿಸುವಷ್ಟು ಮಾತ್ರ ಮಾಡಿದ. ಉಳಿದುದನ್ನು ಹುಡುಗನೇ ಮಾಡಿಕೊಳ್ಳಬೇಕಾಯಿತು. ಮಕ್ಕಳಿಗೆ ಕಲಿಸುವ ವೃತ್ತಿಯಲ್ಲಿರುವವರೆಲ್ಲ ಈ ಸಂಯಮವನ್ನು ಗಮನಿಸತಕ್ಕದ್ದು. ಉತ್ತರ ಗೊತ್ತಿರುವವನಿಗೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದನ್ನು ತರಗತಿಯಲ್ಲಿ ನಿಂತವರು ಬಲ್ಲರು.

ಇನ್ನು ತಂದೆಯ ವಿಷಯ. 1967ರ ‘ಜರ್ನಿ ಟು ಬೇಬಲ್’ ಕಂತನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ವಲ್ಕನ್ನಿನ ವಿಜ್ಞಾನ ವಿದ್ಯಾಪೀಠವನ್ನು ಬಿಟ್ಟು ಸ್ಪಾಕ್ ನೌಕಾಪಡೆಗೆ ಸೇರಿದನೆಂಬ ಕಾರಣಕ್ಕೆ ತಂದೆಮಕ್ಕಳು ಹದಿನೆಂಟು ವರ್ಷ ತಂದೆಮಕ್ಕಳಂತೆ ಮಾತನಾಡಿರಲಿಲ್ಲ. ಆ ಮನಸ್ತಾಪವನ್ನು ಹೊತ್ತ ಮಗನೇ ಈಗ ಅಪರಿಚಿತನಾಗಿ ತಂದೆಯ ಮನೆಯಲ್ಲಿ ಆತಿಥ್ಯ ಪಡೆಯುತ್ತಿದ್ದಾನೆ. ಹೊರಡುವಾಗ ಅವನು ಸಾರೆಕನಲ್ಲಿ ಒಂದೇ ಒಂದನ್ನು ಬೇಡುತ್ತಾನೆ: ನಿನ್ನ ಮಗನನ್ನು ಅರಿತುಕೊಳ್ಳಲು ಪ್ರಯತ್ನಿಸು. ಮಗನಾಗಿ ಆಡಲಾಗದ ಮಾತನ್ನು ಅತಿಥಿಯಾಗಿ ಆಡಿದ. ಸಾರೆಕ್ ಸೌಜನ್ಯದಿಂದ ಒಪ್ಪಿಕೊಳ್ಳುತ್ತಾನೆ.

ಆದರೂ ಮುಂದೆ ಆ ಹದಿನೆಂಟು ವರ್ಷಗಳ ಮೌನ ತಪ್ಪಿತೆ? ಇಲ್ಲ. ಕಾಲದ ಎದುರಿಗೆ ಈಜಿ ಹೋಗಿ ಹೇಳಿ ಬಂದ ಮಾತು ಕೂಡ ತಂದೆಯ ಸ್ವಭಾವವನ್ನು ಬದಲಿಸಲಿಲ್ಲ. ಕಥೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಎರಡು ಕಂತುಗಳನ್ನೂ ಬಲ್ಲವರಿಗೆ ಹೊಳೆಯುವಂತೆ ಬಿಟ್ಟಿದೆ. ಹೋದ ಕಾಲಕ್ಕೆ ಮರಳಿದರೆ ಎಲ್ಲವನ್ನೂ ಸರಿಪಡಿಸಿಬಿಡಬಹುದೆಂಬ ನಮ್ಮ ಹಂಬಲಕ್ಕೆ ಇದು ತಕ್ಕ ಉತ್ತರ. ಮನುಷ್ಯರು ಒಂದು ಮಾತಿನಿಂದ ತಿದ್ದಿಕೊಳ್ಳುವವರಲ್ಲ. ಆ ಮಾತು ಮೂವತ್ತು ವರ್ಷ ಮುಂಚೆ ಬಂದರೂ ಅಷ್ಟೆ. ಸ್ಪಾಕ್ ಪಡೆದ ಲಾಭ ಬೇರೆಯದು. ಎಳೆಯ ವಯಸ್ಸಿನಲ್ಲಿ ಕಠೋರನೆಂದು ಕಂಡ ತಂದೆಯನ್ನು ಅವನು ಈಗ ಸಮವಯಸ್ಕನಂತೆ ನಿಂತು ನೋಡಿದ. ಮಗನನ್ನು ಪ್ರೀತಿಸುವ ರೀತಿ ತಿಳಿಯದೆ ತಡವರಿಸುವ ಒಬ್ಬ ಗೃಹಸ್ಥನನ್ನು ಕಂಡ.

ಉಳಿದುಹೋದ ಒಂದು ಗೆರೆ

ತರ್ಕಪ್ರಿಯರು ಈ ಕಥೆಯಲ್ಲಿ ದೋಷ ಹುಡುಕಬಹುದು. ಸೆಲೆಕನಾಗಿ ಬಂದವನು ಮೊದಲಿನಿಂದಲೂ ಸ್ಪಾಕನೇ ಆಗಿದ್ದರೆ, ಮೊದಲ ಸಲ ಉಳಿದ ಐ-ಚಾಯಾ ಎರಡನೆಯ ಸಲ ಸತ್ತುದು ಹೇಗೆ? ಇದಕ್ಕೆ ಕಥೆಯಲ್ಲಿ ವಿವರಣೆಯಿಲ್ಲ. ಆದರೆ ಇದನ್ನು ದೋಷವೆಂದು ಎಣಿಸಲು ನಾನು ಸಿದ್ಧನಲ್ಲ. ಒಮ್ಮೆ ಕಡಿದುಹೋದ ದಾರವನ್ನು ಮತ್ತೆ ಹೊಸೆದರೆ ಗಂಟು ಉಳಿಯುತ್ತದೆ. ಕಾಲ ಹುಡುಗನನ್ನು ಹಿಂದಕ್ಕೆ ಕೊಟ್ಟಿತು, ತಾಯಿಯನ್ನು ಹಿಂದಕ್ಕೆ ಕೊಟ್ಟಿತು. ಒಂದನ್ನು ಮಾತ್ರ ತನ್ನಲ್ಲಿಯೇ ಇಟ್ಟುಕೊಂಡಿತು. ಎಲ್ಲವೂ ಇದ್ದಂತೆಯೇ ಮರಳಿ ಬಂದಿದ್ದರೆ ಈ ಕಥೆ ಜಾಣತನದ ಒಗಟಾಗಿ ಮುಗಿಯುತ್ತಿತ್ತು.

ಇದರ ಮುಂದಿನ ಚರಿತ್ರೆಯೂ ಸ್ವಾರಸ್ಯವಾಗಿದೆ. ಕೆಲವು ಕಾಲ ಈ ಕಾರ್ಟೂನ್ ಸರಣಿಯನ್ನು ‘ಸ್ಟಾರ್ ಟ್ರೆಕ್’ ಪರಂಪರೆಯ ಪ್ರಮಾಣಗ್ರಂಥಗಳಲ್ಲಿ ಸೇರಿಸದೆ ಹೊರಗಿಟ್ಟಿದ್ದರು. ಆಗಲೂ ‘ಯೆಸ್ಟರ್‌ಇಯರ್’ ಕೊಟ್ಟ ಸಂಗತಿಗಳನ್ನು ಬಿಡಲು ಮುಂದಿನ ಬರೆಹಗಾರರಿಗೆ ಮನಸ್ಸಾಗಲಿಲ್ಲ. 2009ರಲ್ಲಿ ತೆರೆಕಂಡ ‘ಸ್ಟಾರ್ ಟ್ರೆಕ್’ ಚಲನಚಿತ್ರದಲ್ಲಿ ಬಾಲಕ ಸ್ಪಾಕನನ್ನು ಓರಗೆಯವರು ಹಂಗಿಸುವ ಸನ್ನಿವೇಶವನ್ನು ನೋಡಿದವರಿಗೆ ಈ ಹಳೆಯ ಕಾರ್ಟೂನ್ ನೆನಪಾಗದೆ ಇರದು. ಪಂಡಿತರು ಹೊರಗಿಟ್ಟುದನ್ನು ಜನರ ನೆನಪು ಒಳಗೆ ಕರೆದುಕೊಂಡುದಕ್ಕೆ ನಮ್ಮ ಸಾಹಿತ್ಯಚರಿತ್ರೆಯಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ.

ಕೆಲಸ ಮುಗಿಸಿ ಸ್ಪಾಕ್ ದ್ವಾರದಿಂದ ಈಚೆಗೆ ಬರುತ್ತಾನೆ. ಏನಾದರೂ ಬದಲಾಯಿತೆ ಎಂದು ಕರ್ಕ್ ಕೇಳುತ್ತಾನೆ. ಒಂದು ಸಣ್ಣ ಸಂಗತಿ, ಒಂದು ಸಾಕುಪ್ರಾಣಿ ಸತ್ತಿತು ಎಂದು ಇವನ ಉತ್ತರ. ಅಷ್ಟರಿಂದ ಕಾಲದ ಗತಿಯಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಾರದೆಂದು ಕರ್ಕ್ ನಿರಾಳವಾಗುತ್ತಾನೆ. ಕೆಲವರಿಗೆ ಆಗಬಹುದು ಎಂದಷ್ಟೇ ಹೇಳಿ ಸ್ಪಾಕ್ ಸುಮ್ಮನಾಗುತ್ತಾನೆ. ಕರ್ಕ್ ಒಳ್ಳೆಯವನು, ಆಪ್ತಮಿತ್ರ. ಆದರೂ ಅವನಿಗೆ ಅದು ಅರ್ಥವಾಗಲಿಲ್ಲ, ಗೆಳೆಯನೂ ವಿವರಿಸಲಿಲ್ಲ.

ನಾವು ಇತಿಹಾಸವೆಂದು ಓದುವುದು, ಪರೀಕ್ಷೆಗಳಲ್ಲಿ ಬರೆಯಿಸುವುದು, ಕರ್ಕ್ ಲೆಕ್ಕ ಹಾಕುವ ಬಗೆಯ ಇತಿಹಾಸವನ್ನು. ಅದು ಬೇಕು; ಅದಿಲ್ಲದೆ ನಡೆಯದು. ಆದರೆ ಪ್ರತಿಯೊಬ್ಬನೂ ತನ್ನೊಳಗೆ ಹೊತ್ತು ತಿರುಗುವ ಇನ್ನೊಂದು ಇತಿಹಾಸವಿದೆ. ಯಾವ ದಿನ ಯಾವ ಅಂಗಳದಲ್ಲಿ ಯಾವ ಮೂಕಜೀವ ನಮ್ಮ ಮಡಿಲಲ್ಲಿ ಕಣ್ಣು ಮುಚ್ಚಿತೆಂಬುದು ಅಲ್ಲಿಯ ಶಾಸನಗಳಲ್ಲಿ ಮಾತ್ರ ದಾಖಲಾಗಿರುತ್ತದೆ. ಅದನ್ನು ಬರೆದಿಡುವ ಹೊಣೆ ಸಾಹಿತ್ಯದ ಪಾಲಿಗೆ ಬಂದುದು. 1973ರ ಒಂದು ಶನಿವಾರದ ಬೆಳಗ್ಗೆ, ಅರ್ಧ ಗಂಟೆಯೂ ಇಲ್ಲದ ಒಂದು ಅಗ್ಗದ ಕಾರ್ಟೂನ್ ಆ ಹೊಣೆಯನ್ನು ನಿರ್ವಹಿಸಿತು. ಸಮಯ ದೊರೆತಾಗ ವಾಚಕರು ಅದನ್ನು ನೋಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಬೇಕು. ಐ-ಚಾಯಾ ಸಾಯುವ ಭಾಗ ಬಂದಾಗ ಅವರ ಕಣ್ಣಿಗೆ ಕೈ ಅಡ್ಡ ಹಿಡಿಯುವುದು ಬೇಡ.